ಮುಂದಿನ ಸೀಟಿನ ಗೌರವ್ವ

ಬಿಸಿ ಸೈಲೆನ್ಸರಿಗೆ ಅಂಟಿಕೊಂಡ ಎರೆಮಣ್ಣು ಒಣಗುವಾಗ ಒಂದು ವಾಸನೆ ಬರುತ್ತದೆ. ಮಳೆ ಬಿದ್ದ ನೆಲದ ವಾಸನೆಯಲ್ಲ ಅದು. ಹೊಸ ಮಡಕೆಯನ್ನು ಒಲೆಯ ಮೇಲಿಟ್ಟು ಮರೆತರೆ ಬರುವಂಥದ್ದು, ಜೊತೆಗೆ ಒಂದಿಷ್ಟು ಎಣ್ಣೆಯ ಕಮಟು. ಕಳೆದ ಮಳೆಗಾಲದಲ್ಲಿ ಪರೀಕ್ಷೆಯ ಕೆಲಸಕ್ಕೆಂದು ರೋಣಕ್ಕೆ ಹೋಗಿದ್ದೆ. ಕಾಲೇಜಿನ ಹಿಂದಿನ ಬಯಲಿನಲ್ಲಿ ಕಾರು ನಿಲ್ಲಿಸಿ ಇಳಿದಾಗ ಈ ವಾಸನೆ ಮೂಗಿಗೆ ಬಂತು. ನನ್ನ ಈಗಿನ ಕಾರು ನೆಲದಿಂದ ಎತ್ತರವಿದೆ, ಆದರೂ ಮಣ್ಣು ತನ್ನ ಜಾಗ ಹುಡುಕಿಕೊಂಡಿತ್ತು. ನಿಂತುಕೊಂಡೆ. ಏನಾದರೂ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಬದಲಿಗೆ ಕಾರನ್ನು ಸುತ್ತುಹಾಕಿ, ಯಾರನ್ನೋ ಕೈಹಿಡಿದು ಇಳಿಸಿಕೊಳ್ಳುವವಳ ಹಾಗೆ ಮುಂದಿನ ಎಡಬಾಗಿಲು ತೆರೆದೆ. ಸೀಟಿನ ಮೇಲೆ ನನ್ನ ಚೀಲವಿತ್ತು. ಬಾಗಿಲು ಮುಚ್ಚಿದೆ.

ಈ ಸೀಮೆಯಲ್ಲಿ ನಾನು ಇದ್ದದ್ದು ಒಂದೇ ವರ್ಷ, ನರೇಗಲ್ಲಿನಲ್ಲಿ. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಆ ವರ್ಷದ ಪುಟಗಳಲ್ಲಿ ಮಳೆ, ಪೆಟ್ರೋಲು, ಮುಗಿಸಿದ ಪಾಠಗಳು ಬಿಟ್ಟರೆ ಬೇರೇನೂ ಇಲ್ಲ. ನಾನು ಇತಿಹಾಸ ಕಲಿಸುವವಳು. ಕಣ್ಣಾರೆ ಕಂಡವರ ಮಾತನ್ನೂ ಹಾಗೇ ಒಪ್ಪಬೇಡಿ, ಎಷ್ಟು ವರ್ಷದ ಮೇಲೆ ಹೇಳುತ್ತಿದ್ದಾರೆ, ಯಾರ ಮುಂದೆ ಹೇಳುತ್ತಿದ್ದಾರೆ ನೋಡಿ ಎಂದು ತರಗತಿಯಲ್ಲಿ ಹೇಳುತ್ತೇನೆ. ಈಗ ನಾನು ಬರೆಯುತ್ತಿರುವುದಕ್ಕೂ ಆ ಮಾತು ಅನ್ವಯಿಸುತ್ತದೆ.

ಆ ಬೇಸಿಗೆಯಲ್ಲಿ ಧಾರವಾಡದಲ್ಲಿ ನನ್ನ ವಿಚ್ಛೇದನ ಮುಗಿದಿತ್ತು. ಜಗಳವೇನೂ ಇರಲಿಲ್ಲ. ಇಬ್ಬರೂ ಸಹಿ ಹಾಕಿ, ಕೋರ್ಟಿನ ಎದುರಿನ ಒಂದೇ ಅಂಗಡಿಯಲ್ಲಿ ಚಹಾ ಕುಡಿದು, ಬೇರೆ ಬೇರೆ ಆಟೋ ಹತ್ತಿದೆವು. ಜೂನಿನಲ್ಲಿ ನರೇಗಲ್ಲಿಗೆ ವರ್ಗವಾಯಿತು. ವಾರದಲ್ಲಿ ಮೂರು ದಿನ ಗಜೇಂದ್ರಗಡದ ಕಾಲೇಜಿಗೂ ಹೋಗಿ ಪಾಠ ಮಾಡಬೇಕಿತ್ತು. ಬಸ್ಸಿನ ಹೊತ್ತಿಗೂ ತರಗತಿಯ ಹೊತ್ತಿಗೂ ಹೊಂದುತ್ತಿರಲಿಲ್ಲವಾದ್ದರಿಂದ ಒಂದು ಹಳೆಯ ಕಾರು ಕೊಂಡೆ. ಸಿಕ್ಕವುಗಳಲ್ಲಿ ಅದೇ ಅಗ್ಗದ್ದು, ಅದೇ ಚಿಕ್ಕದು. ಬಾಗಿಲು ಹಾಕಿದರೆ ಬಿಸ್ಕತ್ತಿನ ಡಬ್ಬಿ ಮುಚ್ಚಿದ ಸದ್ದು. ಕಿಟಕಿಯ ಗಾಜು ಕೈಯಿಂದ ತಿರುಗಿಸಿ ಏರಿಸಬೇಕು. ತಣ್ಣನೆಯ ಗಾಳಿಯ ವ್ಯವಸ್ಥೆ ಇಲ್ಲ. ಸ್ಟೇರಿಂಗು ಬಿಗಿ, ಗಜೇಂದ್ರಗಡದ ಪೇಟೆಯಲ್ಲಿ ಒಮ್ಮೆ ತಿರುಗಿಸಿ ನಿಲ್ಲಿಸಿದರೆ ತೋಳು ನೋಯುತ್ತಿತ್ತು. ಅದು ನನಗೆ ಹಿಡಿಸಿತ್ತು ಅಂತ ಕಾಣುತ್ತದೆ. ಆ ದಿನಗಳಲ್ಲಿ ನೋವು ಅಂತ ಗೊತ್ತಾಗುತ್ತಿದ್ದ ಜಾಗ ತೋಳೊಂದೇ.

ಬಾಡಿಗೆಗೆ ಸಿಕ್ಕ ಎರಡು ಕೋಣೆಗಳು ಗೌರವ್ವನ ಮನೆಯವು. ಆಕೆಗೆ ಎಪ್ಪತ್ತೈದು ದಾಟಿತ್ತು. ಎಲುಬಿನಂಥ ಹೆಂಗಸು, ಹಣೆತುಂಬ ವಿಭೂತಿ, ಹಲ್ಲು ಕಡಿಮೆ, ಬಾಯಿ ಜೋರು. ಮಗಳು ಶಾಂತವ್ವ ಗಂಡ ತೀರಿಕೊಂಡ ಮೇಲೆ ತಾಯಿಯ ಜೊತೆಗೇ ಇದ್ದಳು. ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಕುಬಸ ಹೊಲಿಯುತ್ತಿದ್ದಳು. ಕಾರು ತಂದ ದಿನ ಇಬ್ಬರೂ ಹೊರಗೆ ಬಂದು ನೋಡಿದರು.

"ಇಷ್ಟನೇನ?" ಅಂದಳು ಗೌರವ್ವ. "ಉಳದದ್ದು ನಾಳಿಗೆ ಬರತೈತೇನ?"

"ಅವ್ವಾ, ಸುಮ್ಕಿರು. ಮೇಡಮ್ಮಾರು ಏನ್ ತಿಳಕೊಂಡಾರು."

"ನಾ ಏನ್ ಬೈದ್ನೇನ? ಆಡಿನ ಮರಿ ಹಂಗ ಐತಿ, ಚಲೋ ಐತಿ ಅಂದೆ."

ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎಂಜಿನ್ನು ನಿಜಕ್ಕೂ ಆಡಿನ ಹಾಗೆಯೇ ಒದರಿ ನಿಂತಿತು. ಮೂರನೆಯ ಸಲಕ್ಕೆ ಎದ್ದಿತು. ಅಂದಿನಿಂದ ಅದರ ಹೆಸರು ಆಡು. "ನಿನ್ನ ಆಡು ಎದ್ದೈತೇನವಾ?" ಎಂದು ಬೆಳಗಿನ ಚಹಾದ ಜೊತೆ ಕೇಳುವುದು ಗೌರವ್ವನ ಪದ್ಧತಿಯಾಯಿತು. ಎದುರು ಮನೆಯ ರಾಜೇಸಾಬ ಟೈರಿನ ಅಂಗಡಿ ಇಟ್ಟುಕೊಂಡಿದ್ದ. ಅವನೂ ಇದಕ್ಕೆ ಸೇರಿಕೊಂಡ. ಗಾಳಿ ತುಂಬಿಸಲು ಹೋದರೆ, "ಏನ್ರಿ ಮೇಡಮ್ಮಾರ, ಇವತ್ತ ಮೇವು ಹಾಕಸ್ತೀರೋ, ನೀರು ಕುಡಸ್ತೀರೋ?" ಎನ್ನುತ್ತಿದ್ದ.

ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ ರಾಜೂರಿನ, ಪುರ್ತಗೇರಿಯ ಹುಡುಗಿಯರು ಕೈ ಮಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾಲ್ಕು ಜನ ಒತ್ತಿಕೊಂಡು ಕೂತರೆ ಏರಿನಲ್ಲಿ ಎರಡನೆಯ ಗೇರಿಗೂ ಆಡು ಹತ್ತುತ್ತಿರಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೇ ಸಮ ತಿರುಗುತ್ತಿದ್ದವು. ಹುಡುಗಿಯರು ಮಾತಾಡುತ್ತಿದ್ದರು, ನಾನು ಓಡಿಸುತ್ತಿದ್ದೆ. ಅವರಲ್ಲಿ ಒಬ್ಬಳ ಹೆಸರೂ ನನಗೆ ಈಗ ನೆನಪಿಲ್ಲ.

ನೆನಪಿರುವುದು ಗೌರವ್ವ ಮೊದಲ ಸಲ ಕಾರು ಹತ್ತಿದ್ದು. ಮೊಣಕಾಲಿನ ಔಷಧಕ್ಕೆ ರೋಣದ ದವಾಖಾನೆಗೆ ಹೋಗಬೇಕಿತ್ತು. ಹಿಂದೆ ಕೂರು ಎಂದರೆ ಒಪ್ಪಲಿಲ್ಲ. "ಹಿಂದ ಕುಂತ್ರ ನಿನ್ನ ಬೆನ್ನ ಕಾಣತೈತಿ. ಅದನ್ನ ನೋಡಾಕ ರೋಣತನಾ ಹೋಗ್ಲೇನ?" ಮುಂದಿನ ಸೀಟಿನಲ್ಲಿ ಎರಡೂ ಕಾಲು ಮೇಲೆತ್ತಿ ಮಡಚಿ ಕೂತಳು. ನಾನು ಬೆಲ್ಟು ಎಳೆದು ಹಾಕಲು ಹೋದರೆ ಕೈ ತಳ್ಳಿದಳು.

"ಇದೇನ ಮಾಡಾಕತ್ತಿ?"

"ಕಟ್ಟಬೇಕಜ್ಜಿ. ಕಾಯ್ದೆ ಐತಿ."

"ನಾನೇನ ಎತ್ತೇನ, ಕಟ್ಟಿ ಹಾಕಾಕ? ಬಿಡ ಅದನ್ನ."

ಆಮೇಲೆ ಪ್ರತಿ ಸಲವೂ ಇದೇ ನಡೆಯಿತು. ನಾನು ಬೆಲ್ಟಿಗೆ ಕೈಹಾಕುವುದು, ಆಕೆ ಎತ್ತಿನ ಮಾತು ಎತ್ತುವುದು, ಹಿಂದಿನಿಂದ ಶಾಂತವ್ವ "ಅವ್ವಾ" ಎಂದು ರಾಗ ಎಳೆಯುವುದು. ಕಟ್ಟಿಸಿಕೊಳ್ಳಲೇ ಇಲ್ಲ. ಇದನ್ನು ಇಷ್ಟು ಒತ್ತಿ ಬರೆಯಲು ಕಾರಣವಿದೆ.

ಒಂದು ಸಂಜೆ, ಜುಲೈ ಇರಬೇಕು, ಹೊರಗೆ ಜಿಟಿಜಿಟಿ ಮಳೆ. ಗೌರವ್ವ ಬಾಗಿಲಲ್ಲಿ ಕೂತು ಎದುರಿನ ಕಲ್ಲುಹಾಸನ್ನು ತೋರಿಸಿದಳು. "ನಮ್ಮ ಮನಿಯವ್ರನ್ನ ಅಲ್ಲೇ ಮಲಗಿಸಿದ್ರು" ಅಂದಳು. ಗಂಡ ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡಿದ್ದ. ಹೊರಗೆ ಜೀವ ಹೋದವರನ್ನು ಹೊಸ್ತಿಲು ದಾಟಿಸುವುದಿಲ್ಲ ಎಂಬುದು ಆ ಓಣಿಯ ನಡಾವಳಿ. ಹೆಣವನ್ನು ಬಾಗಿಲ ಮುಂದೆ ತಾಡಪತ್ರಿ ಕಟ್ಟಿ ಇಟ್ಟಿದ್ದರಂತೆ. ಮಳೆ ಬಂದು ತಾಡಪತ್ರಿ ಜೋಲಿ, ನೀರು ಒಂದೇ ಕಡೆ ಸುರಿಯುತ್ತಿತ್ತಂತೆ. ತಾನು ಕಟ್ಟಿದ ಮನೆಯ ಹೊರಗೆ ಆತ ತೊಯ್ದುಕೊಂಡೇ ಹೋದ. ಒಳಗೆ ಬಿಡಬೇಡಿ ಎಂದು ಹೇಳಿದವನು ಆತನ ಸ್ವಂತ ತಮ್ಮ ಶಿವಪ್ಪ. ನಾನಿದ್ದಾಗಲೂ ಅವನೇ ಓಣಿಗೆ ಹಿರಿಯ, ಮೂರನೆಯ ಮನೆಯ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿರುತ್ತಿದ್ದ.

"ಶಿವಪ್ಪಂದೇನ ತಪ್ಪಿಲ್ಲ. ಹಿರ್ಯಾರಿಂದ ಬಂದದ್ದು" ಅಂದಳು ಗೌರವ್ವ. ಸ್ವಲ್ಪ ಹೊತ್ತಿನ ಮೇಲೆ, "ಆದ್ರ ನನ್ನ ಜೀವ ಹೋದ್ರ ಒಳಗ ಹೋಗಬೇಕವಾ. ಆ ಗ್ವಾಡಿಗೆ ಕುಂಡ್ರಸಬೇಕು ನನ್ನ" ಎಂದು ಪಡಸಾಲೆಯ ಗೋಡೆ ತೋರಿಸಿದಳು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ, ಹೂ ಹಾಕಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಗಂಡನಿಗೆ ಆ ಗೋಡೆಯೂ ಸಿಕ್ಕಿರಲಿಲ್ಲ. "ಏನ ಆದ್ರೂ ನಿನ್ನ ಆಡಿನ ಮ್ಯಾಲೆ ಹೇರಕೊಂಡು ಬಂದುಬಿಡು. ಹೂಂ ಅನ್ನು."

ಹೂಂ ಅಂದೆ. ಮಾತು ಕೊಡುತ್ತಿದ್ದೇನೆ ಎಂಬ ಭಾವನೆಯಿಂದ ಅಂದದ್ದಲ್ಲ. ಆ ವರ್ಷ ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದೆ.

ಪಂಚಮಿಗೆ ತವರಿಗೆ ಹೋಗುತ್ತೇನೆಂದು ಗೌರವ್ವ ಹಟ ಹಿಡಿದಳು. ತವರು ನರಗುಂದದಲ್ಲಿ. ಅಣ್ಣತಮ್ಮಂದಿರು ಇರಲಿಲ್ಲ, ಅಣ್ಣನ ಮಗ ಮತ್ತು ಅವನ ಹೆಂಡತಿ ಇದ್ದರು. ಎಷ್ಟೋ ವರ್ಷಗಳಿಂದ ಹೋಗಿರಲಿಲ್ಲ. "ಜ್ವಾಕಾಲಿ ಜೀಕತೀಯೇನ ಈಗ?" ಎಂದು ಶಾಂತವ್ವ ಪಂಚಮಿಯ ಉಯ್ಯಾಲೆಯ ಮಾತು ತೆಗೆದು ಕೆಣಕಿದಳು. "ಜೀಕತೀನಿ. ನೀ ನೂಕಾಕ ಬಾ" ಎಂದಳು ತಾಯಿ. ಎಳ್ಳುಂಡಿ, ಶೇಂಗಾದ ಉಂಡಿಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತು ನರಗುಂದದ ಗುಡ್ಡ ಕಾಣುವವರೆಗೂ ಮಾತಾಡಿದಳು. ಗುಡ್ಡ ಕಂಡ ಮೇಲೆ ಸುಮ್ಮನಾದಳು. ಹಬ್ಬ ಮುಗಿದ ಮೇಲೆ ಬಂದು ಕರೆದೊಯ್ಯುತ್ತೇವೆ ಎಂದು ಬಿಟ್ಟು ಬಂದೆವು.

ಹಬ್ಬದ ಮರುದಿನದಿಂದ ಮಳೆ ಹಿಡಿಯಿತು. ಹೆಸರುಕಾಯಿ ಬಿಡಿಸುವ ಕಾಲ. ಕಾಯಿ ಹೊಲದಲ್ಲೇ ಮೊಳಕೆ ಒಡೆಯುತ್ತಿದೆ ಎಂದು ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಒಂದು ಬೆಳಿಗ್ಗೆ ನರಗುಂದದಿಂದ ಗೌರವ್ವನ ಅಣ್ಣನ ಮಗನ ಫೋನು ಬಂತು. ಅತ್ತೆಗೆ ರಾತ್ರಿಯಿಂದ ದಮ್ಮು ಹತ್ತಿದೆ, ಡಾಕ್ಟರು ಮನೆಗೇ ಬಂದು ನೋಡಿಹೋದರು, ವಯಸ್ಸಾಗಿದೆ, ಊರಿಗೆ ಒಯ್ಯುವುದಿದ್ದರೆ ಇವತ್ತೇ ಒಯ್ಯಿರಿ ಅಂದಿದ್ದಾರೆ. ಶಾಂತವ್ವ ಯಂತ್ರದ ಕೆಳಗಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದಳು. ಕಾರಿನಲ್ಲಿ ಒಂದೇ ಮಾತು ಹೇಳಿದಳು: "ಒಳಗ ಹೋಗಬೇಕ್ರಿ ಅವ್ವ."

ನರಗುಂದದ ಮನೆಯಿಂದ ಗೌರವ್ವನನ್ನು ಎರಡೂ ಬದಿ ಹಿಡಿದುಕೊಂಡು ಕಾರಿನವರೆಗೆ ತಂದರು. ಹೊತ್ತು ತಂದರೋ ನಡೆಸಿದರೋ, ನಾನು ಹೇಳಲಾರೆ. ಕಾಲು ನೆಲಕ್ಕೆ ಸೋಕುತ್ತಿದ್ದವು, ಅಷ್ಟು ಕಂಡಿದ್ದೇನೆ. ಹಿಂದೆ ಮಲಗಿಸೋಣ ಎಂದ ಅಣ್ಣನ ಮಗ. ಆ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳೂ ಕಾಲು ಚಾಚಿ ಮಲಗುವಂತಿಲ್ಲ. ಮುಂದೆಯೇ ಕೂರಿಸಿದೆವು, ಸೀಟನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿ. ಶಾಂತವ್ವ ತಾಯಿಯ ಸೆರಗನ್ನು ಹಣೆಯವರೆಗೆ ಎಳೆದು ಹಿಂದೆ ಹೋಗಿ ಕೂತಳು. ಆಮೇಲೆ, ನನ್ನ ನೆನಪಿನ ಪ್ರಕಾರ, ನಾನು ಬೆಲ್ಟು ಎಳೆದು ಕಟ್ಟಿದೆ. ಕೊಂಡಿ ಟಕ್ ಎಂದು ಕೂತ ಸದ್ದು ಕೇಳಿಸಿತು. ಆ ಸದ್ದು ಆ ಸೀಟಿನಲ್ಲಿ ನಾನು ಮೊದಲ ಸಲ ಕೇಳಿದ್ದು. ಗೌರವ್ವ ಏನೂ ಅನ್ನಲಿಲ್ಲ.

ಕಾರು ಹೊರಟಿತು. ಬರುವಾಗ ದಾಟಿದ್ದ ಬೆಣ್ಣಿಹಳ್ಳ ಅಷ್ಟರಲ್ಲಿ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು, ಪೊಲೀಸರು ಗಾಡಿ ಬಿಡುತ್ತಿರಲಿಲ್ಲ. ಮೇಲಿನ ಸೇತುವೆಗೆ ಸುತ್ತಿ ಹೋಗಿ ಎಂದು ಕೈ ತೋರಿಸಿದರು. ಸುತ್ತಿ ಹೋಗುವ ದಾರಿ ಅರ್ಧ ಡಾಂಬರು, ಅರ್ಧ ಬರಿಯ ಎರೆ. ಹಿಂದಿನಿಂದ ಶಾಂತವ್ವ ತಾಯಿಯ ಜೊತೆ ಮಾತಾಡುತ್ತಲೇ ಇದ್ದಳು. "ಅವ್ವಾ, ಹಳ್ಳ ನೋಡ, ಹ್ಯಾಂಗ ಬಂದೈತಿ. ಅವ್ವಾ, ತಂಡಿ ಆಗತೈತೇನ? ಗಾಜು ಏರಸ್ಲೇನ?" ಅವಳು ಕೂತಲ್ಲಿಂದ ತಾಯಿಯ ಮುಖ ಕಾಣುತ್ತಿರಲಿಲ್ಲ. ಸೀಟಿನ ಹಿಂಭಾಗ, ಸೆರಗಿನ ತುದಿ, ಅಷ್ಟೇ. ಸ್ವಲ್ಪ ಹೊತ್ತಿಗೆ ಕೇಳಿದಳು, "ಏನಂದ್ಲರೀ ಅವ್ವ?"

ನಾನು ಎಡಕ್ಕೆ ನೋಡಿದೆ. ತಲೆ ಕಿಟಕಿಯ ಕಡೆ ವಾಲಿತ್ತು. ದಾರಿ ಕುಲುಕಿದ ಹಾಗೆ ಕುಲುಕುತ್ತಿತ್ತು.

"ಹೂಂ ಅಂದ್ಲು" ಅಂದೆ.

"ಗಾಜು ಏರಸ್ಲಿ ಅಂತೇನ?"

"ಹೌದು." ಕೈ ಚಾಚಿ ಆ ಬದಿಯ ಹಿಡಿ ತಿರುಗಿಸಿ ಗಾಜು ಏರಿಸಿದೆ. ಒಂದು ಕೈಯಲ್ಲಿ ಸ್ಟೇರಿಂಗು. ಅಲ್ಲಿಯೇ ಕಾರು ದಾರಿಯ ಅಂಚಿಗೆ ಸರಿದದ್ದು.

ಎರೆಮಣ್ಣಿನ ಗುಣ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಗಾಲಿಯನ್ನು ಹೂಳುವುದಿಲ್ಲ, ಗಾಲಿಗೆ ಮೆತ್ತಿಕೊಳ್ಳುತ್ತದೆ. ಸುತ್ತುಸುತ್ತಿಗೂ ದಪ್ಪವಾಗುತ್ತ ಮಡ್‌ಗಾರ್ಡಿನ ಒಳಗೆ ತುಂಬಿ, ಕೊನೆಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಸಣ್ಣ ಗಾಲಿಗೆ ಬೇಗ ನಿಲ್ಲುತ್ತದೆ. ನಾನು ಇಳಿದು ಒಂದು ತೊಗರಿಯ ಕಟ್ಟಿಗೆಯಿಂದ ಕೆದರತೊಡಗಿದೆ. ಮಣ್ಣು ಕಟ್ಟಿಗೆಗೆ ಅಂಟಿತು, ಚಪ್ಪಲಿಗೆ ಅಂಟಿತು, ಗಾಲಿಯಲ್ಲಿದ್ದದ್ದು ಇದ್ದ ಹಾಗೇ ಇತ್ತು. ಸೈಲೆನ್ಸರಿನಿಂದ ಆ ವಾಸನೆ ಏಳುತ್ತಿತ್ತು.

ಪಕ್ಕದ ಹೊಲದಲ್ಲಿ ಹೆಸರು ಬಿಡಿಸುತ್ತಿದ್ದವರು ಬಂದರು. ತಲೆಗೆ ಗೊಬ್ಬರದ ಚೀಲ ಮಡಚಿ ಹಾಕಿಕೊಂಡ ನಾಲ್ಕೈದು ಗಂಡಸರು, ಅಷ್ಟೇ ಹೆಂಗಸರು. ಒಬ್ಬ ಸುತ್ತ ಒಂದು ನೋಟ ಹಾಕಿ ನಕ್ಕ. "ಇದನ್ನ ನೂಕೂದೇನ್ರಿ, ಬಗಲಾಗ ಹಿಡಕೊಂಡ ಹೋಗಬಹುದು."

"ಎತ್ತಿ ಆ ಕಡೆ ಡಾಂಬರದ ಮ್ಯಾಲೆ ಇಟ್ಟಬಿಡೂಣ" ಅಂದ ಇನ್ನೊಬ್ಬ. "ಅಕ್ಕಾರ, ಅಜ್ಜಿನ್ನ ಕೆಳಗ ಇಳಸ್ರಿ. ಹಗರ ಆಗತೈತಿ."

ಶಾಂತವ್ವ ಆಗಲೇ ಇಳಿದು ತಾಯಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. "ಇಳಿಯಾಕ ಬರಂಗಿಲ್ಲರೀ ಆಕಿಗೆ. ಮೊಣಕಾಲ ಬ್ಯಾನಿ. ಇಳದ್ರ ಮತ್ತ ಹತ್ತಾಕ ಆಗಂಗಿಲ್ಲ."

"ನಾವು ಹಿಡಕೋತೀವಿ ಬಿಡ್ರಿ. ಕಲ್ಲಿನ ಮ್ಯಾಲೆ ಕುಂಡ್ರಸೂಣ."

"ಬ್ಯಾಡ ಅಂದ್ನಲ್ಲ."

ಅವಳ ದನಿ ಏರಿರಲಿಲ್ಲ, ಆದರೆ ಆ ಗಂಡಸು ಒಂದು ಹೆಜ್ಜೆ ಹಿಂದೆ ಸರಿದ. ನಾನು ಕಟ್ಟಿಗೆ ಹಿಡಿದು ನಿಂತಿದ್ದೆ. ಆಗ ಆಳುಗಳಲ್ಲಿ ವಯಸ್ಸಾದ ಒಬ್ಬ ಹೆಂಗಸು ಆಚೆ ಬದಿಯಿಂದ, ನನ್ನ ಬಾಗಿಲಿನಿಂದ, ಒಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಸೆರಗಿನ ಕೆಳಗಿನ ಮುಖ, ಎದೆಯ ಮೇಲಿನ ಬೆಲ್ಟು, ತೊಡೆಯ ಮೇಲೆ ಬಿದ್ದಿದ್ದ ಕೈ. ನೋಡಿ ತಲೆ ಹೊರಗೆ ತೆಗೆದಳು.

"ಎಲ್ಲಿಂದ ಹೊಂಟೀರಿ?"

"ನರಗುಂದದಿಂದ. ತವರಮನಿಗೆ ಹೋಗಿದ್ಲು ಪಂಚಮಿಗೆ" ಎಂದಳು ಶಾಂತವ್ವ.

"ಯಾವೂರಿಗೆ?"

"ನರೇಗಲ್ಲಿಗೆ. ಮನಿಗೆ."

ಹೆಂಗಸು ಗಂಡಸರ ಕಡೆ ತಿರುಗಿದಳು. "ಅಜ್ಜಿನ್ನ ಇಳಸಬ್ಯಾಡ್ರೋ. ಹಂಗ ಎತ್ರಿ. ಮಾತ ಆಡಬ್ಯಾಡ್ರಿ, ಎತ್ರಿ."

ಅವರು ಎತ್ತಿದರು. ನಾಲ್ಕೂ ಮೂಲೆಗೆ ನಿಂತು, ಬಗ್ಗಿ, "ಹೂಂ" ಎಂದು ಒಂದೇ ಉಸಿರಿಗೆ, ಗೌರವ್ವನ ಸಮೇತ. ದೊಡ್ಡ ಕಾರಾಗಿದ್ದರೆ ಟ್ರ್ಯಾಕ್ಟರು ಬರುವವರೆಗೆ ಕಾಯಬೇಕಿತ್ತು, ಕಾಯುವ ಹೊತ್ತಿನಲ್ಲಿ ಯಾರಾದರೂ ಆಕೆಯನ್ನು ಇಳಿಸಿಯೇ ಇಳಿಸುತ್ತಿದ್ದರು. ಆಡು ನೆಲಬಿಟ್ಟು ಮೇಲೆದ್ದು, ಒಂದಿಷ್ಟು ತೂಗಾಡಿ, ಡಾಂಬರಿನ ಮೇಲೆ ಇಳಿಯಿತು. ಕಿಟಕಿಯ ಗಾಜಿನ ಹಿಂದೆ ಆಕೆಯ ತಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಯಿತು. ಎಲ್ಲರೂ ಸೇರಿ ಗಾಲಿ ಕೆದರಿದರು. ಹೊರಡುವ ಮುಂಚೆ ಆ ಹೆಂಗಸು ತನ್ನ ಉಡಿಯಲ್ಲಿದ್ದ ಹೆಸರುಕಾಯಿಗಳಿಂದ ಎರಡು ಬೊಗಸೆ ತೆಗೆದು ಗೌರವ್ವನ ಉಡಿಗೆ ಹಾಕಿದಳು. "ತವರಿಂದ ಹೊಂಟಾಕಿ, ಖಾಲಿ ಉಡೀಲೆ ಹೋಗಬಾರದು" ಅಂದಳು. ವಿಧವೆಯರಿಗೆ ಉಡಿ ತುಂಬುವುದಿಲ್ಲ. ಅದು ಆಕೆಗೆ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ಗೌರವ್ವನ ಹಣೆ, ಕೈ, ಎಲ್ಲವನ್ನೂ ಆಕೆ ನೋಡಿದ್ದಳು.

ರೋಣ ದಾಟಿದೆವು. ಶಾಂತವ್ವ ಮಾತು ನಿಲ್ಲಿಸಲಿಲ್ಲ. ರೋಣ ಬಂತು ಅವ್ವಾ, ದವಾಖಾನಿ ನೋಡು, ಇಲ್ಲೇ ಅಲ್ಲೇನ ನೀನು ಆ ನರ್ಸಮ್ಮನ ಜೋಡಿ ಜಗಳಾಡಿದ್ದು. ನಡುನಡುವೆ "ಏನಂದ್ಲರೀ?" ಎಂದು ಕೇಳುವಳು. ನಾನು ಒಮ್ಮೆ ಹೂಂ ಅಂದ್ಲು ಎನ್ನುತ್ತಿದ್ದೆ, ಒಮ್ಮೆ ನಕ್ಳು ಎನ್ನುತ್ತಿದ್ದೆ. ಅವಳಿಗಾಗಿ ಹೇಳುತ್ತಿದ್ದೆನೋ, ಅವಳು ನನಗಾಗಿ ಕೇಳುತ್ತಿದ್ದಳೋ, ಆಗಲೂ ತಿಳಿಯಲಿಲ್ಲ. ನನ್ನ ಎದೆ ಬಡಿದುಕೊಳ್ಳುತ್ತಿರಲಿಲ್ಲ. ಗೇರು ಬದಲಿಸುವಾಗಲೆಲ್ಲ ನನ್ನ ಮೊಣಕೈ ಗೌರವ್ವನ ಮೊಣಕೈಗೆ ತಾಗುತ್ತಿತ್ತು. ಕಾರು ಅಷ್ಟು ಇಕ್ಕಟ್ಟು. ಅದು ಬೆಚ್ಚಗಿತ್ತೋ ತಣ್ಣಗಿತ್ತೋ ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಅಂದು ನನ್ನ ಕೈಯೇ ಮಳೆಯಲ್ಲಿ ತೊಯ್ದು ಕೊರಡಾಗಿತ್ತು.

ಓಣಿಗೆ ಬಂದಾಗ ಹೊತ್ತು ಇಳಿದಿತ್ತು. ಫೋನಿನಲ್ಲಿ ಸುದ್ದಿ ತಿಳಿದು ಜನ ಸೇರಿದ್ದರು. ಶಿವಪ್ಪಜ್ಜ ಕಟ್ಟೆಯಿಂದ ಇಳಿದು, ಕೋಲೂರಿಕೊಂಡು, ನೇರವಾಗಿ ನನ್ನ ಕಿಟಕಿಗೆ ಬಂದ. ಎಂಜಿನ್ನು ಇನ್ನೂ ನಿಂತಿರಲಿಲ್ಲ.

"ಜೀವ ಐತೇನ್ರಿ?"

ಅವನು ಕೇಳಿದ್ದು ನನ್ನನ್ನು. ಮಗಳನ್ನಲ್ಲ. ಮಗಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ನಾನು ಓದಿದವಳು, ಹೊರಗಿನವಳು, ಸುಳ್ಳು ಹೇಳಲು ಕಾರಣವಿಲ್ಲದವಳು. ಹಿಂದಿನ ಸೀಟಿನಲ್ಲಿ ಶಾಂತವ್ವನ ಉಸಿರು ನಿಂತದ್ದು ನನಗೆ ಕೇಳಿಸಿತು.

"ಐತ್ರಿ" ಅಂದೆ. "ನಿದ್ದಿ ಹತ್ತೇತಿ."

ಶಿವಪ್ಪಜ್ಜ ಮುಂದಿನಿಂದ ಸುತ್ತಿ ಆಚೆ ಬದಿಗೆ ಹೋದ. ಬಾಗಿಲು ತೆರೆದ. ಬಗ್ಗಿ ಅತ್ತಿಗೆಯ ಪಾದದ ಮೇಲೆ ಅಂಗೈ ಇಟ್ಟ. ಇಟ್ಟು ಹಾಗೇ ನಿಂತ. ಓಣಿಯ ಜನ ಅವನ ಬೆನ್ನನ್ನು ನೋಡುತ್ತಿದ್ದರು.

"ರಾಜೇಸಾಬ" ಎಂದು ಕರೆದ, ತಿರುಗದೆ. "ಬಾರೋ ಇಲ್ಲೆ. ಲಗೂ ಒಳಗ ಒಯ್ರಿ. ಮಳಿ ಬರಾಕತ್ತೇತಿ, ತೊಯ್ತಾಳ."

ಮಳೆ ನಿಂತು ಬಹಳ ಹೊತ್ತಾಗಿತ್ತು. ನನ್ನ ನೆನಪಿನಲ್ಲಂತೂ ಮಳೆ ನಿಂತಿತ್ತು. ವೈಪರು ಆರಿಸಿ ಗಾಜಿನ ಮೂಲಕ ನಾನು ಎಲ್ಲವನ್ನೂ ಸ್ಪಷ್ಟವಾಗಿ ನೋಡುತ್ತಿದ್ದೆ.

ಬೆಲ್ಟಿನ ಕೊಂಡಿ ರಾಜೇಸಾಬನಿಗೆ ಬಿಚ್ಚಲು ಬರಲಿಲ್ಲ. ಮಣ್ಣು ಹೊಕ್ಕಿತ್ತೋ ಏನೋ. ನಾನೇ ಒತ್ತಿ ಬಿಚ್ಚಿದೆ. ಅವನೂ ಇನ್ನೊಬ್ಬನೂ ಕೈಗಳನ್ನು ಕುರ್ಚಿಯಂತೆ ಹೆಣೆದು ಗೌರವ್ವನನ್ನು ಎತ್ತಿಕೊಂಡರು. ಮೊಣಕಾಲು ಮಡಚಿಯೇ ಇತ್ತು, ಆಕೆ ಯಾವಾಗಲೂ ಕೂರುತ್ತಿದ್ದ ಹಾಗೆ. ಉಡಿಯಿಂದ ಹೆಸರುಕಾಯಿ ಉದುರುತ್ತ ಹೋದವು. ಹೊಸ್ತಿಲು ದಾಟಿದರು. ಪಡಸಾಲೆಯ ಗೋಡೆಗೆ ಕೂರಿಸಿದರು. ಶಾಂತವ್ವ ಓಡಿಹೋಗಿ ತಂಬಿಗೆಯಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿದಳು. ನೀರು ಹೊರಗೆ ಬಂತು. ಆಗ ಅವಳು ಅತ್ತಳು, ಊರಿಗೆಲ್ಲ ಕೇಳುವ ಹಾಗೆ. ಶಿವಪ್ಪಜ್ಜ ಹೊಸ್ತಿಲಿನ ಹೊರಗೆ ನಿಂತು, "ಈಗ ಹೋದ್ಲು" ಎಂದು ಎಲ್ಲರಿಗೂ ಹೇಳಿದ.

ನಾನು ಕಾರಿನಲ್ಲೇ ಕೂತಿದ್ದೆ. ಯಾರೋ ಬಂದು, "ಆಡು ತಗೀರಿ ಮೇಡಮ್ಮಾರ, ಮಂದಿ ಬರ್ತಾರ" ಅಂದ ಮೇಲೆ ತೆಗೆದು ರಾಜೇಸಾಬನ ಅಂಗಡಿಯ ಮುಂದೆ ನಿಲ್ಲಿಸಿದೆ.

ಮರುದಿನ ಗೌರವ್ವನನ್ನು ಹೊಲದಲ್ಲಿ, ಗಂಡನ ಪಕ್ಕದಲ್ಲಿ, ಕೂರಿಸಿ ಮಣ್ಣು ಮಾಡಿದರು. ನಾನು ಗಜೇಂದ್ರಗಡಕ್ಕೆ ಹೋಗಿ ಪಾಠ ಮಾಡಿ ಬಂದೆ. ಅಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ವರ್ಗವಾಯಿತು. ಕಾರನ್ನು ರಾಜೇಸಾಬನಿಗೇ ಕೊಟ್ಟೆ. ಕೊಡುವ ಮುಂಚೆ ಗುಡಿಸುವಾಗ ಮುಂದಿನ ಸೀಟಿನ ಕೆಳಗೆ ಒಣಗಿದ ಹೆಸರುಕಾಯಿಗಳು ಸಿಕ್ಕವು. ಆ ಹೊಲ, ಆ ಹೆಂಗಸು ನಿಜ ಎನ್ನಲು ನನ್ನ ಹತ್ತಿರ ಇರುವುದು ಅಷ್ಟೇ.

ಉಳಿದದ್ದರ ಬಗ್ಗೆ ನನ್ನ ತರ್ಕ ಇಷ್ಟು. ಜೀವವಿದ್ದರೆ ಗೌರವ್ವ ಬೆಲ್ಟು ಕಟ್ಟಿಸಿಕೊಳ್ಳುತ್ತಿರಲಿಲ್ಲ. ನಾನು ಕಟ್ಟಿದೆ, ಆಕೆ ಸುಮ್ಮನಿದ್ದಳು. ಹಾಗಾದರೆ ನರಗುಂದದ ಬಾಗಿಲಲ್ಲೇ ಎಲ್ಲ ಮುಗಿದಿತ್ತು, ನನಗೆ ಅದು ಕೈಗಳಿಂದ ಗೊತ್ತಾಗಿತ್ತು. ಇಷ್ಟು ವರ್ಷ ಈ ಬೆಲ್ಟಿನ ಸದ್ದನ್ನೇ ಪುರಾವೆ ಎಂದು ಇಟ್ಟುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ರೋಣದ ಪರೀಕ್ಷೆಯ ಕೆಲಸ ಮುಗಿಸಿ ಅಂದು ಸಂಜೆ ನರೇಗಲ್ಲಿಗೆ ಹೋದೆ. ಶಾಂತವ್ವನ ಕೂದಲು ಬೆಳ್ಳಗಾಗಿತ್ತು. ಹೊಲಿಗೆ ಯಂತ್ರಕ್ಕೆ ಕರೆಂಟಿನ ಮೋಟಾರು ಬಂದಿತ್ತು. ಶಿವಪ್ಪಜ್ಜ ತೀರಿಕೊಂಡಿದ್ದ, ತನ್ನ ಮನೆಯೊಳಗೇ. ಆಡನ್ನು ರಾಜೇಸಾಬ ಅಂಗಡಿಯ ಹಿಂದೆ ಇಟ್ಟಿದ್ದ, ಗಾಲಿಗಳಿರಲಿಲ್ಲ, ಒಳಗೆ ಕೋಳಿ ಸಾಕಿದ್ದ. ಚಹಾ ಕುಡಿಯುತ್ತ ಶಾಂತವ್ವ ಪಡಸಾಲೆಯ ಗೋಡೆಯ ಹತ್ತಿರ ಕೂತಳು. ಸ್ವಲ್ಪ ಹೊತ್ತು ಊರಿನ ಸುದ್ದಿ ಆಡಿದೆವು. ಆಮೇಲೆ ಅವಳು ಕಪ್ಪು ಕೆಳಗಿಟ್ಟು, ನನ್ನನ್ನು ನೋಡದೆ ಹೇಳಿದಳು:

"ಅವತ್ತ ಆ ಸೀಟಿನ ಪಟ್ಟಿ ನಾ ಕಟ್ಟಿದ್ನೆಲ್ಲ ಅವ್ವಗ. ನೀವ ಆಗ ನಮ್ಮ ಮಾಮಾನ ಮಗನ ಜೋಡಿ ಮಾತಾಡಾಕ ನಿಂತಿದ್ರಿ."

ನಾನೂ ಕಪ್ಪು ಕೆಳಗಿಟ್ಟೆ.

"ಎಷ್ಟ ಬೈದ್ಲು ನನ್ನ. ಅಂಥಾ ದಮ್ಮಿನ್ಯಾಗೂ, ನಾನೇನ ಎತ್ತೇನ ಅಂದ್ಲು. ದನಿ ಸಣ್ಣದಿತ್ತು. ನೀವೂ ಕೇಳಿದ್ರೆಲ್ಲ. ತಿರುಗಿ ನೋಡಿದ್ರಿ." ಅವಳು ಈಗ ತಲೆ ಎತ್ತಿದಳು. "ನೆನಪೈತಿಲ್ರಿ?"

ಹೊರಗೆ ರಾಜೇಸಾಬನ ಅಂಗಡಿಯಲ್ಲಿ ಯಾರದೋ ಟೈರಿಗೆ ಗಾಳಿ ತುಂಬುವ ಸದ್ದು ಬರುತ್ತಿತ್ತು. ಅದು ನಿಲ್ಲುವವರೆಗೆ ಅವಳು ಕಾದಳು.

"ಐತಿ" ಅಂದೆ. "ಕೇಳಿದ್ದೆ."

"ಹಂಗಂತೀನಿ ನಾನೂ" ಎಂದಳು ಶಾಂತವ್ವ, ಮತ್ತೆ ಕಪ್ಪು ಎತ್ತಿಕೊಂಡಳು.